ಐರಿಸಬಾಯಿಯ ಕುರ್ಚಿ, ಬೆಂಚು, ಬೋರ್ಡು

ಲೋಕೇಶನ ವಿಸಿಟಿಂಗ್ ಕಾರ್ಡಿನಲ್ಲಿ ಅವನ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ‘ಡಿಸೈನರ್’ ಎಂದು ಅಚ್ಚಾಗಿತ್ತು. ದಾಂಡೇಲಿ ಪೇಟೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಅವನು ತಿಂಗಳ ಸಂಬಳದವನು. ಹುಟ್ಟುಹಬ್ಬದ ಪುಢಾರಿಯ ಪಕ್ಕಕ್ಕೆ ಹುಲಿ ನಿಲ್ಲಿಸುವುದು, ಮದುಮಗನ ಮುಖಕ್ಕೆ ಬೆಳಕು ಬಳಿಯುವುದು, ತೀರಿಹೋದ ಅಜ್ಜನನ್ನು ಮೊಮ್ಮಗಳ ಮದುವೆಯ ಗ್ರೂಪ್ ಫೋಟೋದೊಳಗೆ ಎಳೆದು ತಂದು ಕೂರಿಸುವುದು, ಇಷ್ಟು ಅವನ ಡಿಸೈನು. ಒಮ್ಮೆ ಹಾಗೆ ಕೂರಿಸಿದ ಅಜ್ಜನೊಬ್ಬನಿಗೆ ಕಾಲು ಸಿಗದೆ ಯಾರದೋ ಕಾಲು ಜೋಡಿಸಿದ್ದ. ಆ ಕಾಲಿನಲ್ಲಿ ಕ್ರಿಕೆಟ್ ಬೂಟು ಉಳಿದುಬಿಟ್ಟಿತ್ತು. ಮನೆಯವರು ಜಗಳಕ್ಕೆ ಬರುತ್ತಾರೆಂದು ಇವನು ಆ ವಾರವೆಲ್ಲ ಬಾಗಿಲಲ್ಲಿ ನೆರಳು ಕಂಡರೆ ಪ್ರಿಂಟರಿನ ಹಿಂದೆ ಅಡಗುತ್ತಿದ್ದ. ಅವರು ಬಂದು, “ಭಾಳ ಚಲೋ ಆಗೇತ್ರಿ, ನಮ್ಮಜ್ಜಗ ಬೂಟ್ ಹಾಕ್ಕೊಳ್ಳೂ ಆಸೆ ಹಂಗ ಉಳದಿತ್ತು” ಎಂದು ಇನ್ನೊಂದು ಪ್ರತಿ ಮಾಡಿಸಿಕೊಂಡು ಹೋದರು. ಅಂದಿನಿಂದ ತಾನು ನಿಜಕ್ಕೂ ಡಿಸೈನರ್ ಇರಬಹುದೇನೋ ಎಂಬ ಅನುಮಾನ ಅವನಿಗೆ ಶುರುವಾಗಿತ್ತು.

ಆ ಅನುಮಾನ ಹರಿದದ್ದು ದೀಪಾವಳಿ ಮುಗಿದ ವಾರ, ಐರಿಸಬಾಯಿ ಅಂಗಡಿಯ ಮೆಟ್ಟಿಲು ಹತ್ತಿದಾಗ.

ಐರಿಸಬಾಯಿಯನ್ನು ಆ ಸೀಮೆಯಲ್ಲಿ ಗೊತ್ತಿಲ್ಲದವರು ಕಡಿಮೆ. ಬಿಳಿ ಕೂದಲಿನ ಉದ್ದ ಜಡೆ, ಇಳಕಲ್ ಸೀರೆ ಕತ್ತರಿಸಿ ತಾನೇ ಹೊಲಿದುಕೊಂಡ ದೊಗಳೆ ಅಂಗಿ, ಬಿಸಿಲಿಗೆ ಕೆಂಪಗಾದ ಮೂಗು. ಹಳಿಯಾಳದ ದಾರಿಯಲ್ಲಿ, ಕಾಡಿನ ಅಂಚಿಗಿರುವ ಸಿದ್ದಿ ಕುಟುಂಬಗಳ ವಾಡಾದಲ್ಲಿ ಅವಳ ಮನೆ. ಮೊಣಕಾಲು ಕೆಟ್ಟು ಹತ್ತಾರು ವರ್ಷಗಳಿಂದ ಅವಳು ಹೆಚ್ಚು ತಿರುಗಾಡುತ್ತಿರಲಿಲ್ಲ. ಅಂದು ಪಕ್ಕದ ಮನೆಯ ಕಾತರಿನಾಳ ಹೆಗಲು ಹಿಡಿದು ಬಂದಿದ್ದಳು. ಕೌಂಟರಿನ ಮೇಲಿನ ಕಾರ್ಡೊಂದನ್ನು ಕಣ್ಣ ಹತ್ತಿರ ಹಿಡಿದು ಓದಿದಳು.

“ನೀ ಏನ ಡಿಸೈನರ್?”

“ಇಲ್ರಿ ಬಾಯಾರ, ಅದು ಮಾಲಕರು ಹಾಕ್ಸಿದ್ದು,” ಎಂದ ಲೋಕೇಶ, ಉಳಿದ ಕಾರ್ಡುಗಳನ್ನು ಮೆಲ್ಲಗೆ ಒಳಕ್ಕೆ ಸರಿಸುತ್ತ.

“ಅಂಜಬ್ಯಾಡ. ನಾನೂ ಅದ ಇದ್ದೇನಿ.”

ಅವಳ ಕನ್ನಡ ಕಾತರಿನಾಳ ತಾಯಿಯಿಂದ ಕಲಿತದ್ದು. ಹಾಗಾಗಿ ಅದರಲ್ಲಿ ‘ನೀವು’ ಎಂಬುದೇ ಇರಲಿಲ್ಲ. ತಹಶೀಲ್ದಾರನಿಗೂ ನೀ, ಪಾದ್ರಿಗೂ ನೀ, ಬೀದಿ ನಾಯಿಗೂ ನೀ.

ಬಾಯಿಯ ಕೆಲಸ ಸರಳವಾಗಿತ್ತು. ಇಂಗ್ಲೆಂಡಿನ ಅವಳ ಹುಟ್ಟೂರಿನಲ್ಲಿ ಅವಳ ಜೀವಮಾನದ ಕೆಲಸದ್ದೊಂದು ಪ್ರದರ್ಶನ ಇಡುತ್ತಾರಂತೆ, ಹೋಳಿಯ ಹೊತ್ತಿಗೆ. ಅಲ್ಲಿ ಮಾಡಿದ್ದೆಲ್ಲ ಅವರ ಬಳಿಯೇ ಇದೆ. ಇಲ್ಲಿ ಮಾಡಿದ್ದರ ಫೋಟೋ ಬೇಕು. ಪಾಳಾದಲ್ಲಿ ಒಂದು ಕುರ್ಚಿ, ಕುಂಬಾರವಾಡದಲ್ಲಿ ಒಂದು ಬಸ್ ನಿಲ್ದಾಣ, ಹಳಿಯಾಳದಲ್ಲಿ ಒಂದು ಅಂಗಡಿಯ ಬೋರ್ಡು.

“ನೀ ಹೋಗಿ ತಕ್ಕೊಂಡು ಬಾ. ಇದ್ದದ್ದು ಇದ್ದಂಗ.”

ಮಾಲಕರು ರಜೆ ಕೊಟ್ಟರು. ಎಷ್ಟಂದರೂ ವಿದೇಶದ ಆರ್ಡರು. ದಾರಿ ಕೇಳಿಕೊಳ್ಳಲು ಲೋಕೇಶ ಮರುದಿನ ವಾಡಾಕ್ಕೆ ಹೋದ. ಹೋದವನು ಸಂಜೆಯವರೆಗೆ ಏಳಲಿಲ್ಲ.

ಅವಳ ತಂದೆ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದನಂತೆ, ತಾಯಿ ಟೋಪಿ ಹೊಲಿಯುತ್ತಿದ್ದಳಂತೆ. ಅಕ್ಷರ ಒಂದು ಕಡೆಯಿಂದ ಬಂತು, ಬಟ್ಟೆ ಇನ್ನೊಂದು ಕಡೆಯಿಂದ. ಲಂಡನ್ನಿನಲ್ಲಿ ಕಲೆ ಓದಲು ಹೋದವಳು ಒಂದರಲ್ಲಿ ನಿಲ್ಲಲಿಲ್ಲ. ಕುರ್ಚಿ ಮಾಡಿದಳು, ನಾಟಕದ ರಂಗಸಜ್ಜಿಕೆ ಮಾಡಿದಳು, ಪುಸ್ತಕಗಳಿಗೆ ಮುಖಪುಟ ಬರೆದಳು, ಪರದೆಯ ಬಟ್ಟೆಗಳಿಗೆ ಬಳ್ಳಿ ಎಳೆದಳು, ರೈಲು ನಿಲ್ದಾಣಕ್ಕೆ ಪೋಸ್ಟರು ಬರೆದಳು. ಮೊದಲೆಲ್ಲ ಗುರುಗಳು ಚಂಚಲೆ ಎಂದು ಬೈಯುತ್ತಿದ್ದರು. ಕೂದಲು ಬೆಳ್ಳಗಾದ ಮೇಲೆ ಪತ್ರಿಕೆಯವರು ಅದಕ್ಕೇ ಒಂದು ಉದ್ದನೆಯ ಹೆಸರು ಕೊಟ್ಟರು, ಮಲ್ಟಿಡಿಸಿಪ್ಲಿನರಿ.

“ಅಂದ್ರ ಏನ್ರಿ ಬಾಯಾರ?”

“ಒಂದ ಕೆಲಸದಾಗ ಹೊಟ್ಟಿ ತುಂಬದಾಕಿ ಅಂತ.”

“ಸೊಕ್ಕು ಅಂತ,” ಎಂದು ಕಾತರಿನಾ ಅಕ್ಕಿ ಆರಿಸುತ್ತ ಕೂತಲ್ಲಿಂದಲೇ ತಿದ್ದಿದಳು.

ಐರಿಸ್ ಈ ಕಡೆ ಬಂದದ್ದು ಸಾಗವಾನಿ ಮರ ನೋಡಲು. ಕುರ್ಚಿ ಮಾಡುವ ಇಂಗ್ಲಿಷ್ ಕಂಪನಿಯೊಂದು ದಾಂಡೇಲಿಯ ಕಟ್ಟಿಗೆ ಡಿಪೋಗೆ ಅವಳನ್ನು ಕಳಿಸಿತ್ತು. ಆಗ ಅಣೆಕಟ್ಟು ಏಳುತ್ತಿತ್ತು, ಸೂಪಾ ಪೇಟೆ ಖಾಲಿಯಾಗುತ್ತಿತ್ತು. ಜನ ಮನೆಗಳ ಬಾಗಿಲು ಕಿತ್ತು ಚಕ್ಕಡಿಯಲ್ಲಿ, ಲಾರಿಯಲ್ಲಿ ಹೇರುತ್ತಿದ್ದರು. ಇವಳು ಸಾಗವಾನಿ ಬಿಟ್ಟು ಆ ಬಾಗಿಲುಗಳ ಚಿತ್ರ ಬರೆಯುತ್ತ ಓಣಿಯಿಂದ ಓಣಿಗೆ ತಿರುಗಿದಳು.

“ಒಂದ ಮನಿ ಇತ್ತು,” ಎಂದಳು ಐರಿಸಬಾಯಿ. “ಬಾಗಲಾ ಕಿತ್ತು ಒಯ್ದಿದ್ರು, ಬರೇ ಹೊಸ್ತಲಾ ಉಳದಿತ್ತು. ಆ ಮನಿಯಾಕಿ ಮುಂಜಾನೆದ್ದು ಆ ಹೊಸ್ತಲಕ್ಕ ರಂಗೋಲಿ ಹಾಕಾಕತ್ತಿದ್ಲು. ಯಾಕವ್ವಾ, ನಾಳಿ ನೀರ ಬರ್ತೈತಲ್ಲ ಅಂತ ಡಿಪೋದಾಂವನ ಕಡಿಂದ ಕೇಳಿಸಿದೆ. ನಾಳಿ ಬರ್ತೈತಿ, ಇವತ್ತ ಇನ್ನೂ ಐತಲ್ಲ ಅಂದ್ಲು.”

ಲೋಕೇಶ ಹುಟ್ಟುವ ಎಷ್ಟೋ ಮೊದಲು ಮುಳುಗಿದ ಊರು ಅದು. ಅವನಿಗೆ ಸೂಪಾ ಎಂದರೆ ಹಿನ್ನೀರಿನ ಮುಂದೆ ಪ್ರವಾಸಿಗರು ಸೆಲ್ಫಿ ತೆಗೆದುಕೊಳ್ಳುವ ಜಾಗ. ಆದರೂ ಆ ರಂಗೋಲಿಯನ್ನು ತಾನೇ ಕಂಡು ಕಳೆದುಕೊಂಡವನಂತೆ ಅವನು ಬಾಯಿಯ ಮನೆಯ ಹೊಸ್ತಿಲ ಕಡೆ ನೋಡಿದ.

ಅವಳು ಹಾಗೆ ಬಾಗಿಲುಗಳ ಚಿತ್ರ ಬರೆಯುತ್ತಿರುವಾಗಲೇ ಅವಳನ್ನು ಕಳಿಸಿದ ಕಂಪನಿಯೇ ಮುಚ್ಚಿತೆಂದು ತಂತಿ ಬಂತು. ಹೋಗಲು ಅವಸರವಿಲ್ಲದ ಐರಿಸ್, ಕಾತರಿನಾಳ ತಾಯಿಯ ಪಡಸಾಲೆಯಲ್ಲಿ ಉಳಿದಳು. ಆಮೇಲೆ ವರ್ಷದ ಲೆಕ್ಕವೇ ಹಾಗಾಯಿತು: ಮಳೆಗಾಲಕ್ಕೆ ಲಂಡನ್, ಮಳೆ ನಿಂತ ಮೇಲೆ ವಾಡಾ. ಅಲ್ಲಿ ರಂಗಸಜ್ಜಿಕೆ, ಮುಖಪುಟ ಮಾಡಿ ದುಡಿದು ಬಂದು ಇಲ್ಲಿ ಮರ ಕೊಯ್ಯಿಸಿ, ಬಣ್ಣ ಕಲಸಿ, ಯಾರಿಗೆ ಏನು ಬೇಕೋ ಅದನ್ನು ಮಾಡಿಕೊಡುವುದು. ವಾಡಾದವರಿಗೆ ಇದರಲ್ಲಿ ವಿಶೇಷ ಕಾಣಲಿಲ್ಲ. ಅವರ ಮನೆಗಳಿಂದಲೂ ದುಡಿಯಲು ಗೋವಾಕ್ಕೆ ಹೋಗುವವರಿದ್ದರು. ಇವಳು ಸ್ವಲ್ಪ ಮುಂದೆ ಹೋಗುತ್ತಾಳೆ, ಅಷ್ಟೆ. ವಯಸ್ಸಾದ ಮೇಲೆ ಲಂಡನ್ ಬಿಟ್ಟಳು.

ಅವಳ ಕೈಯ ವಸ್ತುಗಳಿಗೆ ಒಂದು ಗುಣವಿತ್ತು: ಅಲಂಕಾರವಿಲ್ಲದ ಬರಿದುತನ. ಒಂದು ಗೆರೆ ಸಾಕಾದಲ್ಲಿ ಎರಡು ಎಳೆಯುತ್ತಿರಲಿಲ್ಲ. ಮೊದಲ ವರ್ಷ ಅವಳು ಹೊಲಿದ ಕೌದಿ ಪೂರಾ ಬಿಳಿ, ನಡುವೆ ಒಂದೇ ನೀಲಿ ತುಂಡು. ಸಿದ್ದಿ ಹೆಂಗಸರು ಕೌದಿಯ ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿದ ಹೂವು ಕೂರಿಸದೆ ಕೆಲಸ ಮುಗಿಯಿತೆನ್ನುವುದಿಲ್ಲ. ಹೂವಿಲ್ಲದ ಕೌದಿ ಅವರಿಗೆ ಬತ್ತಲೆ. ಐರಿಸ್ ಬೇಡವೆಂದಳು. ಅವಳು ಮಳೆಗಾಲಕ್ಕೆ ಲಂಡನ್ನಿಗೆ ಹೋದದ್ದೇ ತಡ, ಕಾತರಿನಾ ಮೂಲೆಗೊಂದರಂತೆ ಕೆಂಪು ಹೂವು ಹೊಲಿದಿಟ್ಟಳು. ವಾಪಸು ಬಂದವಳಿಗೂ ಇವಳಿಗೂ ಕ್ರಿಸ್‌ಮಸ್ಸಿನವರೆಗೆ ಮಾತಿರಲಿಲ್ಲ.

ಲೋಕೇಶ ಬೈಕಿನ ಹತ್ತಿರ ಬಂದಾಗ ಕಾತರಿನಾ ಹಿಂದೆಯೇ ಬಂದಳು.

“ತಮ್ಮಾ, ಒಂದ ಮಾತು. ಅಕಿ ತಂಗಿ ಮಗಳು ಅಲ್ಲಿಗೆ ಬಾ, ಪ್ರದರ್ಶನಾ ನೋಡು, ಇಲ್ಲೇ ಇದ್ದಬಿಡು ಅಂತ ಫೋನ್ ಮಾಡಾಕತ್ತಾಳ. ಇಕಿ, ಫೋಟೋ ನೋಡಿ ಹೇಳ್ತೇನಿ ಅಂದಾಳ. ಇಲ್ಲಿ ನಾ ಮಾಡಿದ್ದು ಯಾರಿಗರ ಬೇಕಾಗೇತಿ ಅಂದ್ರ ಇರ್ತೇನಿ, ಇಲ್ಲಾಂದ್ರ ಹೋಗ್ತೇನಿ ಅಂತ. ಈ ವಯಸ್ಸಿನ್ಯಾಗ ಹೋದ್ರ ಬರ್ತಾಳೇನು?”

“ನಾ ಏನ್ ಮಾಡ್ಲಿ ಕಾಕೂ?”

“ಚಲೋ ಫೋಟೋ ತಾ. ಅಕಿ ಹೋದ್ರ ನಾ ಯಾರ ಜೋಡಿ ಜಗಳಾಡ್ಲಿ? ನನ್ನ ಸೊಸಿ ಎದುರ ಮಾತಾಡೂದಿಲ್ಲ, ದರಿದ್ರದ್ದು.”

ಪಾಳಾದ ಕುರ್ಚಿ ಶಿವಗಂಗವ್ವನೆಂಬ ಮುದುಕಿಯ ಅಡುಗೆಮನೆಯಲ್ಲಿತ್ತು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂರಲಾಗದ ಮುದುಕಿಯರಿಗಾಗಿ ಮಾಡಿದ ಗಿಡ್ಡ ಕುರ್ಚಿ. ಕೂರುವವರ ಮೈಗೆ ಹೊಂದಲೆಂದು ಐರಿಸಬಾಯಿ ಸಾಗವಾನಿ ಹಲಗೆಯನ್ನು ಬೋಗುಣಿಯಂತೆ ತಗ್ಗಾಗಿ ಕೆತ್ತಿದ್ದಳು. ಆ ತಗ್ಗಿನಲ್ಲಿ ಈಗ ದುಂಡು ತಳದ ತಾಮ್ರದ ಕೊಡ ಕೂತಿತ್ತು. ಹಲಗೆ ನೀರು ಕುಡಿದು ಕಪ್ಪಾಗಿತ್ತು. ಕಾಲುಗಳಿಗೆ ಸುಣ್ಣ ಬಳಿದು ಕುಂಕುಮದ ಬೊಟ್ಟು ಇಟ್ಟಿದ್ದರು.

“ಕುಂದರಾಕ ಮಾಡಿದ್ದಲ್ರಿ ಅಮ್ಮಾರ ಇದು?” ಎಂದ ಲೋಕೇಶ.

“ನಾ ಕುಂತ್ರ ಒತ್ತತೈತೋ ಯಪ್ಪಾ. ಕೊಡ ಕುಂತ್ರ ಅಲ್ಲಾಡೂದಿಲ್ಲ. ಏನ್ ಹದಾ ಕೆತ್ತ್ಯಾಳ ಪುಣ್ಯಾತ್ಗಿತ್ತಿ! ನಮ್ಮ ಮೂರೂ ಸೊಸ್ಯಾರು ಇಂಥಾದ್ದ ಬೇಕು ಅಂತಾರ.”

ಅವನು ಫೋಟೋ ತೆಗೆದ. ಬಾಯಿಗೆ ಇದನ್ನು ಹೇಗೆ ತೋರಿಸುವುದೆಂದು ಹಳ್ಳಿ ದಾಟುವವರೆಗೂ ಯೋಚಿಸಿದ.

ಜೋಯಿಡಾ ದಾಟಿ ಕುಂಬಾರವಾಡ ಮುಟ್ಟುವಷ್ಟರಲ್ಲಿ ಅವನ ಸೊಂಟ ಬೇರೆಯವರದ್ದಾಗಿತ್ತು. ಕೆಂಪುಕಲ್ಲಿನ ಕಂಬ, ಹಂಚಿನ ಮಾಡು, ಒಂದೇ ಉದ್ದ ಹಲಗೆಯ ಬೆಂಚು: ನಿಲ್ದಾಣ ಚಂದವಿತ್ತು. ಆದರೆ ಬೆಂಚು ರಸ್ತೆಗೆ ಬೆನ್ನು ತಿರುಗಿಸಿತ್ತು. ಸಿಮೆಂಟು ಒಡೆದು, ಅದನ್ನು ಕಿತ್ತು, ಗದ್ದೆಯ ಕಡೆ ಮುಖ ಮಾಡಿ ಯಾರೋ ಮತ್ತೆ ಹುಗಿದಿದ್ದರು. ಹಲಗೆಯ ಮೇಲೆ ಹೆಸರುಗಳು, ಹೃದಯಗಳು, ಚೌಕಾಬಾರದ ಮನೆ ಕೆತ್ತಿದ್ದರು. ಮಡಿಲಲ್ಲಿ ಕೋಕಂ ಸಿಪ್ಪೆಯ ಗಂಟು ಇಟ್ಟುಕೊಂಡು ಸುಮಿತಾ ಎಂಬ ಹೆಂಗಸು ಬಸ್ಸಿಗೆ ಕಾಯುತ್ತಿದ್ದಳು.

“ಬೆಂಚ್ ಉಲ್ಟಾ ಐತಲ್ರಿ?”

“ಉಲ್ಟಾ ಮೊದಲಿತ್ತು. ನಾವು ಸುಲ್ಟಾ ಮಾಡೇವಿ,” ಎಂದಳವಳು. “ಇಲ್ಲಿ ಬಸ್ ಬರೂದು ಎಷ್ಟು? ರಸ್ತಾ ನೋಡ್ಕೊಂತ ಕುಂತ್ರ ಜೀವಾ ಬ್ಯಾಸರಾಗತೈತಿ. ಬಸ್ ಗುಡ್ಡದಾಚೆ ಇದ್ದಾಗನ ಸಪ್ಪಳ ಕೇಳತೈತಿ. ಈ ಕಡಿ ಕುಂತ್ರ ನಮ್ಮ ಗದ್ದಿ ಕಾಣತೈತಿ, ದನಾ ಹೊಕ್ಕರ ಓಡಾಕ ಬರ್ತೈತಿ. ಬಸ್ ಇಲ್ಲದ ದಿನಾನೂ ಬಂದು ಕುಂದರತೇವಿ.”

ಲೋಕೇಶನಿಗೆ ಅಯ್ಯೋ ಅನಿಸಿತು. ಉಳಿದದ್ದು ಹಳಿಯಾಳ. ಅಲ್ಲಿ ಅಡಿವೆಯ್ಯನವರ ಬಟ್ಟೆ ಅಂಗಡಿ ಅವನಿಗೆ ಮೊದಲಿನಿಂದ ಗೊತ್ತು. ಅವನ ಶಾಲೆಯ ಚಡ್ಡಿಗಳೆಲ್ಲ ಅಲ್ಲಿಯವೇ, ಪ್ರತಿ ವರ್ಷ ‘ಬೆಳೀತಾನ’ ಎಂದು ಎರಡು ಅಳತೆ ದೊಡ್ಡದು ತೆಗೆಯುತ್ತಿದ್ದರು, ಅವನು ಬೆಳೆಯುತ್ತಿರಲಿಲ್ಲ. ಆದರೆ ಆ ಬೋರ್ಡು ಬಾಯಿಯದು ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಹಾಗೂ ಇರಲಿಲ್ಲ. ಅವಳು ಬರೆದದ್ದು ಕಡುನೀಲಿ ಹಲಗೆ, ಬಿಳಿ ಅಕ್ಷರ, ಸುತ್ತ ಉಸಿರಾಡಲು ಜಾಗ. ಅಡಿವೆಯ್ಯನವರು ದೀಪಾವಳಿಯ ಲಕ್ಷ್ಮೀಪೂಜೆಗೆ ಪ್ರತಿ ವರ್ಷ ಅದಕ್ಕೆ ಬಣ್ಣ ಹೊಡೆಸುತ್ತಾರೆ. ನೀಲಿ ಹೋಗಿ ಹಸಿರಾಗಿ, ಹಸಿರು ಹೋಗಿ ಗುಲಾಬಿಯಾಗಿ, ಅಕ್ಷರಕ್ಕೆ ಹಳದಿ ಅಂಚು, ಅಂಚಿಗೆ ಕೆಂಪು ಅಂಚು, ಎಡಕ್ಕೆ ಶಿವಲಿಂಗ, ಬಲಕ್ಕೆ ಕಮಲ, ಕೆಳಗೆ ಮೊಬೈಲ್ ನಂಬರು, ಸುತ್ತ ಮಿಣಮಿಣ ದೀಪದ ಸರ. ಉಸಿರಾಡಲು ಇರುವೆಗೂ ಜಾಗವಿರಲಿಲ್ಲ.

ಕುರ್ಚಿಯ ಮೇಲೆ ಯಾರೂ ಕೂರುವುದಿಲ್ಲ, ಬೆಂಚನ್ನು ಕಿತ್ತಿದ್ದಾರೆ, ಬೋರ್ಡು ಕಾಣುವುದೇ ಇಲ್ಲ. ಇದನ್ನು ತೋರಿಸಿದರೆ ಮುದುಕಿಯ ಎದೆ ಒಡೆಯುತ್ತದೆ, ನಾಳೆಯೇ ಗಂಟು ಕಟ್ಟುತ್ತಾಳೆ ಎಂದು ಲೋಕೇಶನಿಗೆ ಖಾತ್ರಿಯಾಯಿತು. ಅವನು ತನಗೆ ಬರುತ್ತಿದ್ದ ಏಕೈಕ ವಿದ್ಯೆಗೆ ಶರಣಾದ.

ಎರಡು ಬ್ಯಾನರುಗಳ ನಡುವಿನ ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಕೊಡ ಎತ್ತಿದ, ಸುಣ್ಣ ತೊಳೆದ, ಹಲಗೆಗೆ ಸಾಗವಾನಿಯ ಹೊಳಪು ಕೊಟ್ಟ. ಬೆಂಚನ್ನು ಬೇರುಸಮೇತ ಕಿತ್ತು ರಸ್ತೆಯ ಕಡೆ ತಿರುಗಿಸಿದ, ಹೃದಯಗಳನ್ನೆಲ್ಲ ಅಳಿಸಿದ. ಶಿವನ ಕ್ಷಮೆ ಕೇಳಿ ಲಿಂಗ ತೆಗೆದ. ಹಳೆಯ ನೀಲಿಯನ್ನು ಬಾಯಿಯ ಮಾತಿನಿಂದ ಊಹಿಸಿ ಬಳಿದ. ತನ್ನ ಜೀವನದ ಅತ್ಯುತ್ತಮ ಕೆಲಸ, ಯಾರಿಗೂ ಹೇಳಿಕೊಳ್ಳುವಂತಿಲ್ಲ ಎಂದು ಬೇಸರವೂ ಆಯಿತು. ಈ ಸಲ ಯಾವ ಕಾಲಿಗೂ ಬೂಟು ಉಳಿದಿರಲಿಲ್ಲ.

ಪ್ರಿಂಟು ಹಿಡಿದು ಹೋದಾಗ ಐರಿಸಬಾಯಿ ಕನ್ನಡಕ ಒರೆಸಿಕೊಂಡು ಸಿದ್ಧಳಾಗಿ ಕೂತಿದ್ದಳು. ಕಾತರಿನಾ ಬಾಗಿಲ ಚೌಕಟ್ಟಿಗೆ ಒರಗಿದ್ದಳು. ಬಾಯಿ ಒಂದೊಂದನ್ನೇ ನೋಡಿದಳು. ಮೊದಲ ಸಲ ಬೇಗ, ಎರಡನೆಯ ಸಲ ನಿಧಾನ.

“ಎಲ್ಲಾ ನಾ ಬಿಟ್ಟು ಬಂದಂಗ ಅದಾವ,” ಎಂದಳು.

“ಹೌದ್ರಿ ಬಾಯಾರ,” ಎಂದ ಲೋಕೇಶ ಉತ್ಸಾಹದಿಂದ. “ಎಲ್ಲಾರೂ ಭಾಳ ಜ್ವಾಪಾನ ಮಾಡ್ಯಾರ್ರಿ.”

“ಕುರ್ಚಿಗೆ ಒಂದ ಎಣ್ಣಿ ಕಲಿ ಇಲ್ಲ.”

“ಇಲ್ರಿ.”

“ಬೆಂಚಿನ ಮ್ಯಾಲೆ ಒಂದ ಗೀರ ಇಲ್ಲ.”

“ಒಂದೂ ಇಲ್ರಿ!”

ಐರಿಸಬಾಯಿ ಫೋಟೋಗಳನ್ನು ಜೋಡಿಸಿ ಬೋರಲು ಇಟ್ಟಳು. ಅವಳ ದನಿ ಸಣ್ಣಗಾಗಿತ್ತು.

“ಯಾರೂ ಮುಟ್ಟಿಲ್ಲ, ಕಾತ್ರು. ಇಷ್ಟ ವರ್ಷ ಒಬ್ಬರೂ ಕುಂತಿಲ್ಲ, ಒಬ್ಬರೂ ಒರಗಿಲ್ಲ. ನಾ ಅಲ್ಲಿ ಮಾಡಿದ್ದು ಮ್ಯೂಸಿಯಮ್ಮಿನ್ಯಾಗ ಹಿಂಗ ಕುಂತಾವು, ಗಾಜಿನ ಹಿಂದ. ಇಲ್ಲೀವರ ಹಂಗಿರೂದಿಲ್ಲ ಅಂದ್ಕೊಂಡಿದ್ದೆ.” ಮೊಣಕಾಲು ಹಿಡಿದು ಎದ್ದಳು. “ತಂಗಿ ಮಗಳಿಗೆ ಬರ್ತೇನಿ ಅಂತ ಹೇಳ್ತೇನಿ.”

ಕಾತರಿನಾ ಲೋಕೇಶನ ಕಡೆ ನೋಡಿದ ನೋಟಕ್ಕೆ ಹಸಿ ಕಟ್ಟಿಗೆಯೂ ಹತ್ತಿಕೊಳ್ಳುತ್ತಿತ್ತು. ಅವನಿಗೆ ಕಿವಿಯವರೆಗೆ ಬಿಸಿಯಾಯಿತು. ಅವಸರದಲ್ಲಿ ಜೇಬಿನಿಂದ ಎಳೆದ ಫೋನು ಪಕ್ಕದಲ್ಲಿದ್ದ ಅಕ್ಕಿಯ ಮೊರದೊಳಗೆ ಬಿತ್ತು.

“ಬಾಯಾರ, ತಡೀರಿ. ಅವು ಖರೇ ಫೋಟೋ ಅಲ್ರಿ. ನಾ ತೊಳದೇನಿ. ಖರೇವು ಇದರಾಗ ಅದಾವ್ರಿ.”

ಅವಳು ನಿಂತಲ್ಲೇ ಫೋನು ನೋಡಿದಳು. ಕೊಡ ಹೊತ್ತ ಕುರ್ಚಿಯ ಮೇಲೆ ಬೆರಳಿಟ್ಟು ದೊಡ್ಡದು ಮಾಡಿದಳು. ಶಿವಗಂಗವ್ವ ಹೇಳಿದ್ದನ್ನು ಲೋಕೇಶ ತೊದಲುತ್ತ ಹೇಳಿದ. ಮೂವರೂ ಸೊಸೆಯರ ಮಾತು ಬಂದಾಗ ಬಾಯಿಯ ಭುಜ ಕುಲುಕತೊಡಗಿತು; ಅಳುತ್ತಾಳೆಂದು ಅವನು ಗಾಬರಿಯಾದ. ಅವಳು ಉಸಿರು ಕಟ್ಟಿ ನಗುತ್ತಿದ್ದಳು.

“ಕಾತ್ರು, ನೋಡ, ಮುದುಕಿ ಅಂಡಿಗೆ ಅಂತ ಕೆತ್ತಿದ್ದು ಕೊಡಕ್ಕ ಕುಂತೈತಿ!”

ಬೆಂಚಿನ ಫೋಟೋ ಬಂದಾಗ ಲೋಕೇಶ ಸುಮಿತಾಳ ಮಾತನ್ನೂ ಹೇಳಿದ; ಬಾಯಿಯ ನಗು ನಿಂತಿತು. “ಹೌದಲ್ಲ,” ಎಂದಳು. “ನಾ ಬಸ್ಸಿಗೆ ಬೆಂಚ್ ಮಾಡಿದ್ದೆ. ಇವರು ಕಾಯೂದಕ್ಕ ಮಾಡ್ಕೊಂಡಾರ.” ಬೋರ್ಡಿನ ಫೋಟೋ ಬಂದದ್ದೇ ಮುಖ ಕೆಂಡವಾಯಿತು. “ಇದೇನಿದು? ಗುಲಾಬಿ? ಆ ಅಡಿವೆಯ್ಯ ಎಲ್ಲಿದಾನ? ಜೀವಂತ ಅದಾನಿಲ್ಲ?”

“ಅದಾರ್ರಿ.”

“ನಡಿ, ಹಳಿಯಾಳಕ್ಕ ಹೋಗೂಣು. ಈಗ.”

“ಮೊಣಕಾಲು?” ಎಂದಳು ಕಾತರಿನಾ.

“ಅದನ್ನೂ ಕರ್ಕೊಂಡು ಹೋಗೂಣು.”

ಮೂವರೂ ಬಸ್ಸಿನಲ್ಲಿ ಹೋದರು. ಎಂಬತ್ತು ದಾಟಿದ ಅಡಿವೆಯ್ಯನವರು ಹಣೆಯ ತುಂಬ ವಿಭೂತಿ ಧರಿಸಿ ಗಾದಿಯ ಮೇಲೆ ಒರಗಿದ್ದರು. ಬಾಯಿಯನ್ನು ಕಂಡು ಎದ್ದು ಕೂತು, “ಬರ್ರಿ ಬರ್ರಿ ಬಾಯಾರ, ಎಷ್ಟ ವರ್ಷಾತು” ಎಂದು ದಿಂಬು ಸರಿಸಿದರು.

“ದಿಂಬು ಇರ್ಲಿ. ನನ್ನ ನೀಲಿ ಎಲ್ಲೈತಿ?”

“ಒಳಗ ಐತ್ರಿ, ಎಲ್ಲಾಕಿಂತ ಕೆಳಗ. ನಾವು ಕೆತ್ತಿ ತಗದಿಲ್ಲ, ಮ್ಯಾಲೆ ಮ್ಯಾಲೆ ಹಚ್ಚೇವಿ. ಲಕ್ಷ್ಮೀ ಬರೂ ದಿನಾ ಹಳೇ ಬಣ್ಣ ಇದ್ರ ಹೆಂಗ್ರೀ? ನೀವು ಕೊಟ್ಟ ಹಲಗಿ ಅಂತನ ಅಷ್ಟ ಬಣ್ಣ ತಡಕೊಂಡೇತಿ. ಈ ಲೈನಿನ ಬೋರ್ಡೆಲ್ಲಾ ಫ್ಲೆಕ್ಸ್ ಆದ್ವು, ಹರದು ಹೋದ್ವು. ನಾ ಇದನ್ನ ಬಿಟ್ಟಿಲ್ಲ.”

ಲೋಕೇಶ ಆ ಲೈನಿನ ಹರಿದ ಫ್ಲೆಕ್ಸುಗಳಲ್ಲಿ ತನ್ನವು ಎಷ್ಟೆಂದು ಲೆಕ್ಕ ಹಾಕದೆ ಚಪ್ಪಲಿ ನೋಡಿಕೊಂಡ.

“ಆದ್ರ ಗುಲಾಬಿ ಮ್ಯಾಲೆ ಹಳದಿ!” ಎಂದಳು ಬಾಯಿ. “ಕಣ್ಣ ಉರೀತಾವು. ಅಕ್ಷರಕ್ಕ ಅಕ್ಷರ ಬಡದ್ಯಾಡಾಕತ್ತಾವು. ಯಾರ ಹಚ್ಚಿದಾಂವ?”

“ನಮ್ಮ ಪೇಂಟರ ಸತ್ತು ಎರಡ ವರ್ಷಾತ್ರಿ. ನನ್ನ ಮೊಮ್ಮಗ ಹಚ್ಚತಾನ. ಅಂವಗ ಏನ್ ತಿಳೀತೈತಿ? ಅಷ್ಟ ಸಂಕಟಾದ್ರ ಮುಂದಿನ ದೀಪಾವಳಿಗೆ ನೀವ ಬಂದು ಹಚ್ರಿ.”

“ಬರ್ತೇನಿ! ಎಲ್ಲಾ ಕೆತ್ತಸ್ತೇನಿ, ನೀಲಿತನಕಾ. ಲಿಂಗ ಬೇಕಾದ್ರ ಇರ್ಲಿ, ಸಣ್ಣದು, ಮೂಲ್ಯಾಗ. ಅಲ್ಲೀತನಕಾ ನಿನ್ನ ಮೊಮ್ಮಗ ಕುಂಚ ಮುಟ್ಟಿದ್ರ ಬೆರಳ ಮುರೀತೇನಿ, ಹೇಳಿರು.”

ಲುಂಗಿಯ ಬಟ್ಟೆ ಮುಟ್ಟಿ ನೋಡುತ್ತಿದ್ದ ಕಾತರಿನಾಳ ಕೈ ಅಲ್ಲೇ ನಿಂತಿತು. ಅವಳು ಲೋಕೇಶನ ಕಡೆ ನೋಡಿದಳು, ಅವನು ಅವಳ ಕಡೆ ನೋಡಿದ.

“ಯಜಮಾನರ, ಚಾ ತರಸ್ರಿ,” ಎಂದಳು ಕಾತರಿನಾ. ಸೆರಗಿನಿಂದ ಮೂಗು ಒರೆಸಿದಳು. “ಅಕಿದು ಇನ್ನೂ ಭಾಳ ಹೊತ್ತೈತಿ.”

ಮುಂದಿನ ದೀಪಾವಳಿಗೆ ತಾನು ಮಾತು ಕೊಟ್ಟುಬಿಟ್ಟದ್ದು ಐರಿಸಬಾಯಿಗೆ ಇನ್ನೂ ಹೊಳೆದಿರಲಿಲ್ಲ. ಅವಳು ಗಾದಿಯ ಅಂಚಿನಲ್ಲಿ ಕೂತು, ಕೆಟ್ಟ ಮೊಣಕಾಲನ್ನು ಉದ್ದ ಚಾಚಿ, ಹಳದಿಗೂ ನೀಲಿಗೂ ಯಾಕೆ ಸಂಬಂಧ ಕೂಡಿಬರುವುದಿಲ್ಲವೆಂದು ಅಡಿವೆಯ್ಯನವರಿಗೆ ಬೆರಳು ಮಡಚಿ ಮಡಚಿ ಹೇಳತೊಡಗಿದ್ದಳು.